ಖುದ್ದು ಹಾಜರಿ

ಜನವರಿ 8, ಸೋಮವಾರ

ಐದೂಮುಕ್ಕಾಲಿಗೆ ವ್ಯಾನ್ ಬಂತು. ಅಪ್ಪನ ತೂಕ 61.8. ಶುಕ್ರವಾರದಿಂದ ಎರಡೂವರೆ ಕಿಲೋ ನೀರು ಏರಿದೆ. ಸೂಜಿ ಅಕ್ಕ ಬೈದಳು — ಡಯಾಲಿಸಿಸ್ ಸೆಂಟರಿನ ಈ ನರ್ಸಿಗೆ ಅಪ್ಪ ಇಟ್ಟ ಹೆಸರು, ಈಗ ಎಲ್ಲರೂ ಹಾಗೇ ಕರೆಯುತ್ತಾರೆ.

"ಕದ್ದು ನೀರು ಕುಡೀತೀರಿ ಅಲ್ವಾ ಅಜ್ಜಾ?"

"ಕದ್ದಿಲ್ಲಮ್ಮ. ಹಲ್ಲುಜ್ಜುವಾಗ ಸ್ವಲ್ಪ ಒಳಗೆ ಹೋಯ್ತು."

ಸುಳ್ಳು ಅಂತ ಇಬ್ಬರಿಗೂ ಗೊತ್ತು.

ಆರನೇ ಕುರ್ಚಿ. ಮೆಷಿನ್ನಿಗೆ ನಾಲ್ಕು ಗಂಟೆ ಹೊತ್ತು. ಪಕ್ಕದ ಕುರ್ಚಿಗೆ ಹೊಸಬ ಬಂದಿದ್ದಾನೆ. ಮುಸುಕು ಹಾಕಿ ಮಲಗಿದ್ದವನು ಅಪ್ಪನ ದನಿ ಕೇಳಿ ಕಂಬಳಿ ಸರಿಸಿ ನೋಡಿದ. "ನೀವು ರೇಡಿಯೋದವರು! ಏಳೂವರೆ ವಾರ್ತೆ!" ಅಪ್ಪ ನಿವೃತ್ತಿಯಾಗಿ ಇಪ್ಪತ್ತೆರಡು ವರ್ಷ. ಇನ್ನೂ ದನಿ ಹಿಡಿದು ಪತ್ತೆ ಮಾಡುವವರಿದ್ದಾರೆ. ಅಪ್ಪನಿಗೆ ಖುಷಿಯೋ ಖುಷಿ. ಗೋಡೆಯ ಬೋರ್ಡು ನೋಡಿಕೊಂಡು, "ಪಾದರಕ್ಷೆಗಳನ್ನು ಹೊರಗೆ ಬಿಡತಕ್ಕದ್ದು" ಅಂತ ವಾರ್ತೆಯ ದನಿಯಲ್ಲೇ ಓದಿದರು. ಇಡೀ ಹಾಲ್ ನಕ್ಕಿತು.

ಮೂರನೇ ಗಂಟೆಗೆ ಸೆಡೆತ. ಮೀನಖಂಡ ಕಲ್ಲಾಯಿತು. ತಿಕ್ಕುತ್ತಾ ಕೂತಿದ್ದೆ. ಆಗ ಹೇಳಿದರು, ನಾಳೆಯ ಹವಾಮಾನ ಹೇಳುವಷ್ಟೇ ಸಲೀಸಾಗಿ: "ಇದನ್ನ ನಿಲ್ಲಿಸಿಬಿಡೋಣ ಕಣೇ."

ಕೋರ್ಟಿಗೆ ಒಂದು ಗಂಟೆ ತಡ. ಜಡ್ಜ್ ಗಡಿಯಾರ ನೋಡಿದರು.

ಜನವರಿ 9, ಮಂಗಳವಾರ

ಸಂಜೆ ಕರೆದರು. "ಸ್ಟೆನೋ, ಪುಸ್ತಕ ತಾ."

ಇಪ್ಪತ್ತಾರು ವರ್ಷದಿಂದ ಕೋರ್ಟಿನಲ್ಲಿ ಕಂಡವರ ಹೇಳಿಕೆಗಳನ್ನೆಲ್ಲ ಶಾರ್ಟ್‌ಹ್ಯಾಂಡಿನಲ್ಲಿ ಬರೆದುಕೊಂಡಿದ್ದೇನೆ. ಅಪ್ಪನದು ಇದೇ ಮೊದಲು. ಒಂದೇ ಉಸಿರಿಗೆ ಹೇಳಿದರು, ಎಲ್ಲೂ ತಡವರಿಸಲಿಲ್ಲ — "ನನಗೆ ಎಂಬತ್ತು. ಬುದ್ಧಿ ನೆಟ್ಟಗಿದೆ. ನಾಲ್ಕು ವರ್ಷ ಮೆಷಿನ್ನಿಗೆ ಕೂತಿದ್ದೇನೆ. ಇನ್ನು ಸಾಕು. ಸಾಯಬೇಕು ಅಂತಲ್ಲ. ಹೀಗೆ ಇರುವುದು ಬೇಡ ಅಂತ. ಯಾರ ಮೇಲೂ ಸಿಟ್ಟಿಲ್ಲ."

"ಮಾತು ಕೊಡು" ಅಂದರು.

"ಏನಂತ?"

"ನಾನು ಬೇಡ ಅಂದ ಮೇಲೆ ನೀನು ಅಡ್ಡ ಬರಲ್ಲ ಅಂತ."

ಕೊಟ್ಟೆ. ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತೆ. ಹೊರಗೆ ಬಂದಾಗ, "ನೀರು ಬಹಳ ಖರ್ಚಾಯ್ತು" ಅಂದರು. ಅವರ ಕಿವಿಗೆ ಏನೂ ಆಗಿಲ್ಲ.

ಜನವರಿ 10, ಬುಧವಾರ

ಕಿಡ್ನಿ ಡಾಕ್ಟರು ಎರಡನೇ ಮಹಡಿ. ಅಪ್ಪನ ಕುರ್ಚಿ ನೆಲಮಹಡಿ. ಅಪ್ಪ ಮೆಷಿನ್ನಿನಲ್ಲಿದ್ದಾಗ ನಾನೊಬ್ಬಳೇ ಹತ್ತಿ ಹೋದೆ. ಡಾಕ್ಟರಿಗೆ ಆಶ್ಚರ್ಯವೇನೂ ಆಗಲಿಲ್ಲ. ಡ್ರಾಯರಿನಿಂದ ಫಾರ್ಮ್ ತೆಗೆದರು. ಎರಡು ಹಾಳೆ. "ಪೇಷಂಟೇ ಓದಬೇಕು. ಪೇಷಂಟೇ ಸಹಿ ಹಾಕಬೇಕು. ನಾನು ಎರಡು ಸಲ, ಬೇರೆ ಬೇರೆ ದಿನ, ಪ್ರಶ್ನೆ ಕೇಳ್ತೀನಿ. ಎರಡೂ ಸಲ ಒಂದೇ ಉತ್ತರ ಬರಬೇಕು. ಇಬ್ಬರು ಸಾಕ್ಷಿ ಬೇಕು."

ಆಮೇಲೆ? ಒಂದು ವಾರ, ಹತ್ತು ದಿನ. ನಿದ್ದೆ ಜಾಸ್ತಿಯಾಗುತ್ತದೆ. ನೋವಿಗೆ ಔಷಧಿ ಇದೆ.

"ಶುಕ್ರವಾರ ನಾನೇ ಕೆಳಗೆ ಬರ್ತೀನಿ. ಮೊದಲನೇ ಸಲ ಕೇಳೋಣ" ಅಂದರು. ಒಳ್ಳೆ ಮನುಷ್ಯ. ಫಾರ್ಮನ್ನು ಮಡಚದೆ ಫೈಲಿನಲ್ಲಿಟ್ಟು ತಂದೆ.

ಜನವರಿ 11, ಗುರುವಾರ

ಯೂನಿವರ್ಸಿಟಿಯಿಂದ ರಿಜಿಸ್ಟರ್ಡ್ ಪೋಸ್ಟ್. ದಪ್ಪ ಕಾಗದ, ಚಿನ್ನದ ಲಾಂಛನ. ಅಪ್ಪನಿಗೆ ಗೌರವ ಡಾಕ್ಟರೇಟ್! ಮೂವತ್ತೊಂದು ವರ್ಷ "ನಾಡಿನ ಮನೆಮನೆಗೂ ಸತ್ಯವನ್ನು ತಲುಪಿಸಿದ ಧ್ವನಿ" ಅಂತ. ಘಟಿಕೋತ್ಸವ ಫೆಬ್ರವರಿ 17, ಶನಿವಾರ.

ಅಪ್ಪ ಪತ್ರವನ್ನು ಎರಡು ಸಲ ಓದಿ, ಕನ್ನಡಕ ತೆಗೆದು, ನಗಲು ಶುರು ಮಾಡಿದರು. ಕೆಮ್ಮು ಬರುವ ತನಕ ನಕ್ಕರು. "ಇದೇ ಯೂನಿವರ್ಸಿಟಿ ನನ್ನನ್ನ ಬಿಎ ಫೈನಲ್‌ನಲ್ಲಿ ಎರಡು ಸಲ ಫೇಲ್ ಮಾಡಿತ್ತು ಕಣೇ! ಅರ್ಥಶಾಸ್ತ್ರ. ಈಗ ಪರೀಕ್ಷೆನೇ ಇಲ್ಲದೆ ಡಾಕ್ಟರು. ಹಲ್ಲಿದ್ದಾಗ ಕಡಲೆ ಇಲ್ಲ, ಕಡಲೆ ಇದ್ದಾಗ ಹಲ್ಲಿಲ್ಲ."

ಡಿಗ್ರಿ ಇಲ್ಲ ಅನ್ನುವ ಒಂದೇ ಕಾರಣಕ್ಕೆ ಅವರು ಕೊನೆವರೆಗೂ ವಾರ್ತಾ ವಿಭಾಗದ ಮುಖ್ಯಸ್ಥರಾಗಲಿಲ್ಲ. ಅವರ ಕೈಕೆಳಗೆ ಉಚ್ಚಾರಣೆ ಕಲಿತ ಮೂವರು ಅವರ ಮೇಲೆ ಬಂದು ಕೂತರು. ಮನೆಯಲ್ಲಿ ಆ ಮಾತು ಯಾರೂ ಎತ್ತುತ್ತಿರಲಿಲ್ಲ.

ಅಣ್ಣನಿಗೆ ಫೋನ್ ಮಾಡಿದೆ. ಅಳುತ್ತಿದ್ದ. ಅವನು ಅತ್ತದ್ದು ಅಮ್ಮ ಹೋದಾಗ ಬಿಟ್ಟರೆ ಇದೇ.

ಫಾರ್ಮಿನ ವಿಷಯ ಅವನಿಗೆ ಹೇಳಲಿಲ್ಲ.

ಜನವರಿ 12, ಶುಕ್ರವಾರ

ಡಾಕ್ಟರು ಕೆಳಗೆ ಬಂದರು. ಅಪ್ಪನ ಕುರ್ಚಿಯ ಹತ್ತಿರ ಬರುವ ಮೊದಲೇ ಮೆಟ್ಟಿಲ ಬಳಿ ತಡೆದೆ. "ಮನೇಲಿ ಒಂದು ವಿಷಯ ಇದೆ ಡಾಕ್ಟ್ರೇ. ಒಂದೆರಡು ದಿನ ಟೈಮ್ ಕೊಡಿ." ಅವರು ಹಾಗೇ ವಾಪಸ್ ಹತ್ತಿ ಹೋದರು. ಅಪ್ಪ ಕುರ್ಚಿಯಿಂದ ನೋಡುತ್ತಿದ್ದರು.

"ಅದಕ್ಕೂ ಇದಕ್ಕೂ ಸಂಬಂಧ ಇಲ್ಲ" ಅಂದರು ವ್ಯಾನಿನಲ್ಲಿ.

"ಅಣ್ಣ ಭಾನುವಾರ ಬರ್ತಾನೆ ಅಪ್ಪಾ."

ಕಿಟಕಿಯ ಕಡೆ ತಿರುಗಿದರು.

ಜನವರಿ 14, ಭಾನುವಾರ

ಅಣ್ಣ, ಅತ್ತಿಗೆ ಬಂದರು. ಕೇಕ್ ತಂದಿದ್ದರು. ಅಪ್ಪ ತಿನ್ನುವ ಹಾಗಿಲ್ಲ ಅಂತ ನೆನಪಾಗಿ ಅತ್ತಿಗೆ ಅದನ್ನು ಫ್ರಿಜ್ಜಿನಲ್ಲಿ ಬಚ್ಚಿಟ್ಟಳು.

ಅಪ್ಪನೇ ಹೇಳಿದರು ಅಣ್ಣನಿಗೆ. ನಿಲ್ಲಿಸುತ್ತೇನೆ ಅಂತ. ಅಣ್ಣ ಬೆಳ್ಳಗಾದ. ಆಮೇಲೆ ಯೂನಿವರ್ಸಿಟಿ ಪತ್ರ ತಿರುವಿ ನಾಲ್ಕನೇ ಪ್ಯಾರಾ ಜೋರಾಗಿ ಓದಿದ — "ಗೌರವ ಪದವಿಯನ್ನು ಮರಣೋತ್ತರವಾಗಿ ನೀಡುವ ಅವಕಾಶ ಇರುವುದಿಲ್ಲ. ಪದವಿ ಸ್ವೀಕರಿಸುವವರು ವೇದಿಕೆಯಲ್ಲಿ ಖುದ್ದು ಹಾಜರಿದ್ದು, ಪದವಿ ವಹಿಯಲ್ಲಿ ಗುರುತು ಹಾಕತಕ್ಕದ್ದು."

"ಅಪ್ಪಾ, ಐದು ವಾರ. ಐದೇ ಐದು ವಾರ. ಆಮೇಲೆ ನೀವು ಹೇಳಿದ ಹಾಗೆ."

"ನನಗೆ ಬೇಡಪ್ಪ. ನಿನಗೆ ಬೇಕಿದ್ರೆ ನೀನೇ ಟೋಪಿ ಹಾಕ್ಕೊ."

"ನನಗಲ್ಲ. ನಿಮ್ಮನ್ನ ತುಳಿದವರಿಗೆ. ಅವರಲ್ಲಿ ಇಬ್ಬರು ಇನ್ನೂ ಇದ್ದಾರೆ, ನೋಡಲಿ."

ಅಪ್ಪ ನನ್ನ ಕಡೆ ತಿರುಗಿದರು. "ನೀನೇನಂತೀಯ?"

ಮಾತು ಕೊಟ್ಟು ಐದು ದಿನವಾಗಿತ್ತು. ಆದರೂ ನನ್ನ ಬಾಯಿಂದ ಬಂದದ್ದು: "ಐದೇ ವಾರ ತಾನೆ ಅಪ್ಪಾ."

ಬಹಳ ಹೊತ್ತು ನೋಡಿದರು. "ಸರಿ" ಅಂದರು. ಅಣ್ಣ ಅವರ ಕಾಲಿಗೆ ಕಂಬಳಿ ಹೊದಿಸಿದ. ನಾನು ಫೈಲನ್ನು ಬೀರುವಿನ ಕೆಳಗಿನ ಖಾನೆಗೆ ಹಾಕಿದೆ.

ಜನವರಿ 20, ಶನಿವಾರ

ಯೂನಿವರ್ಸಿಟಿಯಿಂದ ಸಮಾರಂಭ ವಿಭಾಗದವನು ಬಂದಿದ್ದ. ಟೇಪು ಹಿಡಿದು ಅಪ್ಪನ ತಲೆ, ಭುಜ, ಎತ್ತರ ಅಳೆದ. ಹೆಸರು ಹೇಳಿದರೂ, ಅವನು ಗೇಟು ದಾಟುವ ಮೊದಲೇ ಅಪ್ಪ ಅವನನ್ನು "ಟೋಪಿ" ಮಾಡಿಬಿಟ್ಟರು. ಹತ್ತೊಂಬತ್ತು ವರ್ಷದಿಂದ ಇದೇ ಕೆಲಸವಂತೆ. "ದೊಡ್ಡವರ ತಲೆಗಳೆಲ್ಲ ನನ್ನ ಪುಸ್ತಕದಲ್ಲಿವೆ ಸಾರ್. ಒಬ್ಬ ಮಂತ್ರಿಗಳದ್ದು ಇಪ್ಪತ್ತೊಂದು ಇಂಚು. ಮಕ್ಕಳ ಸೈಜು."

"ಒಳಗೇನೂ ಇರಲಿಲ್ಲ ಅಂತ ಬರ್ಕೊಂಡ್ಯಾ?" ಅಂದರು ಅಪ್ಪ. ಟೋಪಿ ಕೆಳಗೆ ಕೂತು ನಕ್ಕ.

ಪದವಿ ವಹಿಯ ವಿಷಯ ಹೇಳಿದ. ದೊಡ್ಡ ಪುಸ್ತಕ, ನೂರು ವರ್ಷದ್ದು. ಅದರಲ್ಲಿ ಶಾಯಿ ಪೆನ್ನಿನಿಂದ ಎಲ್ಲರೆದುರು ಸಹಿ. ಬಹಳ ಜನರಿಗೆ ಆ ಪೆನ್ನು ಅಭ್ಯಾಸವಿಲ್ಲ, ಮಸಿ ಚೆಲ್ಲುತ್ತಾರೆ. "ಸ್ವಲ್ಪ ಪ್ರಾಕ್ಟೀಸ್ ಮಾಡಿಸಿ ಮೇಡಂ."

ಜನವರಿ 27

ದಿನಾ ಸಂಜೆ ಹತ್ತು ಸಹಿ. ನಾನು ಹಾಳೆ ಹಿಡಿದು ಕೂರುತ್ತೇನೆ, ಅಪ್ಪ ಬರೆಯುತ್ತಾರೆ. ಕೈ ನಡುಗುತ್ತದೆ. ಮೊದಲ ಅಕ್ಷರದ ಸುಳಿ ಹರಡಿಹೋಗುತ್ತದೆ. ಇವತ್ತು ಏಳನೆಯದು ಚೆನ್ನಾಗಿ ಬಂತು. ಇಬ್ಬರೂ ಅದನ್ನು ಬೆಳಕಿಗೆ ಹಿಡಿದು ನೋಡಿದೆವು.

ಸಂಜೆಗಳು ಹಿತವಾಗಿವೆ. ಇದನ್ನು ಬರೆಯಲು ನಾಚಿಕೆ. ನಾಲ್ಕು ವರ್ಷದಿಂದ ನಮಗಿಬ್ಬರಿಗೂ ಮಾತ್ರೆ, ತೂಕ, ವ್ಯಾನು ಬಿಟ್ಟರೆ ಬೇರೆ ಮಾತಿರಲಿಲ್ಲ. ಈಗ ಹಳೆಯ ಸ್ಟುಡಿಯೋ ಕಥೆಗಳು ಬರುತ್ತಿವೆ. ವಾರ್ತೆ ನಡುವೆ ಇಲಿ ಮೇಜಿನ ಮೇಲೆ ಬಂದು ಕೂತದ್ದು, ಅಪ್ಪ ಅದನ್ನು ನೋಡುತ್ತಲೇ ಸಂಸತ್ತಿನ ಕಲಾಪ ಓದಿ ಮುಗಿಸಿದ್ದು.

ಆಗಲೇ ಎರಡು ವಾರ ಹೋಯಿತು. ನಾನು ಎಣಿಸುತ್ತಿದ್ದೇನೆ, ಅಪ್ಪನೂ ಎಣಿಸುತ್ತಿದ್ದಾರೆ. ನಮ್ಮ ಎಣಿಕೆ ಒಂದೇ ಅಲ್ಲ.

ಫೆಬ್ರವರಿ 3, ಶನಿವಾರ

ಯೂನಿವರ್ಸಿಟಿ ಫೋನ್. ಮುಖ್ಯ ಅತಿಥಿ ವಿದೇಶಕ್ಕೆ ಹೊರಟಿದ್ದಾರೆ. ಘಟಿಕೋತ್ಸವ ಮುಂದಕ್ಕೆ ಹೋಗಿದೆ. ಮಾರ್ಚ್ 9.

"ದೇವರು ವರ ಕೊಟ್ರೂ ಪೂಜಾರಿ ಕೊಡ" ಅಂದರು ಅಪ್ಪ. ನಗಲಿಲ್ಲ. ಕಾಲು ಊದಿದೆ. ಹಿಮ್ಮಡಿ ಹತ್ತಿರ ಒಂದು ಕಪ್ಪು ಕಲೆ, ಬಟನ್ನಿನಷ್ಟು.

ಸಂಜೆ ಸಹಿಯ ಹಾಳೆ ತಂದೆ. ದೂಡಿದರು. "ಆ ಹಾಳೆ ಬೇಡ. ಇನ್ನೊಂದು ತಾ. ಡಾಕ್ಟರದ್ದು."

"ಡಾಕ್ಟರು ರಜೆ ಅಪ್ಪಾ. ಕಾನ್ಫರೆನ್ಸಿಗೆ ಹೋಗಿದ್ದಾರಂತೆ. ಇಪ್ಪತ್ತರ ಮೇಲೆ ಬರೋದು."

ಯೋಚಿಸಿ ಹೇಳಿದ್ದಲ್ಲ. ಬಾಯಿಗೆ ಬಂತು. ಡಾಕ್ಟರು ನಿನ್ನೆ ಕೂಡ ಎರಡನೇ ಮಹಡಿಯಲ್ಲೇ ಇದ್ದರು, ಅವರ ಕಾರು ನೋಡಿದ್ದೇನೆ. ಅಪ್ಪ ಮರುಪ್ರಶ್ನೆ ಕೇಳಲಿಲ್ಲ. ನಾನು ಸುಳ್ಳು ಹೇಳುವವಳಲ್ಲ ಅಂತ ಅವರಿಗೆ ನಂಬಿಕೆ.

ಫೆಬ್ರವರಿ 4

ಅಣ್ಣನಿಗೆ ಬೇಕಾದ್ದು ಟೋಪಿ, ಗೌನು, ಫೋಟೋ. ಅವನು ಅದನ್ನು ಬಾಯಿಬಿಟ್ಟು ಹೇಳುತ್ತಾನೆ. ನಾನು ಡಾಕ್ಟರೇಟ್ ಅಂತ ಬಾಯಲ್ಲಿ ಹೇಳಿಕೊಂಡು ಅಪ್ಪನನ್ನು ಹಿಡಿದುಕೊಂಡಿದ್ದೇನೆ. ನನಗೆ ಅಪ್ಪ ಬೇಕು. ಇನ್ನೊಂದು ತಿಂಗಳು, ಆಮೇಲೆ ಇನ್ನೊಂದು. ಐವತ್ತೆರಡು ವರ್ಷದ ಹೆಂಗಸು. ಈ ಮನೆಗೆ ವಾಪಸ್ ಬಂದಾಗ ಯಾಕೆ ಏನು ಅಂತ ಕೇಳದೆ ಬಾಗಿಲು ತೆಗೆದವರು ಅವರೊಬ್ಬರೇ. ಅವರು ಹೋದರೆ ನನ್ನನ್ನು ಏಕವಚನದಲ್ಲಿ ಕರೆಯುವವರು ಅಣ್ಣನನ್ನು ಬಿಟ್ಟರೆ ಯಾರೂ ಇಲ್ಲ.

ಇಲ್ಲಿ ಬರೆದಿದ್ದೇನೆ. ಅಪ್ಪನೆದುರು ಹೇಳುವ ಧೈರ್ಯವಿಲ್ಲ.

ಫೆಬ್ರವರಿ 16, ಶುಕ್ರವಾರ

ಕಪ್ಪು ಕಲೆ ನಾಣ್ಯದಷ್ಟಾಗಿದೆ. ಡ್ರೆಸ್ಸಿಂಗ್ ಮಾಡುವಾಗ ಅಪ್ಪ ಹಲ್ಲು ಕಚ್ಚಿ ಛಾವಣಿ ನೋಡುತ್ತಾರೆ. ಇವತ್ತು ಮೆಷಿನ್ನಿನಲ್ಲಿ ಬಿಪಿ ಎರಡು ಸಲ ಬಿತ್ತು. ವಾಂತಿ. ಸೂಜಿ ಅಕ್ಕ ನನ್ನನ್ನು ಪಕ್ಕಕ್ಕೆ ಕರೆದು, "ಅಜ್ಜ ನನ್ನ ಹತ್ರ ಕೇಳಿದ್ರು, ದೊಡ್ಡ ಡಾಕ್ಟ್ರು ರಜೆಯಿಂದ ಬಂದ್ರಾ ಅಂತ. ಅವರು ಯಾವಾಗ ರಜೆ ಹಾಕಿದ್ರು?" ಅಂದಳು.

"ನೀವೇನಂದ್ರಿ?"

"ಗೊತ್ತಿಲ್ಲ ಅಂದೆ."

ಅವಳ ಮುಖ ನೋಡಲಾಗಲಿಲ್ಲ.

ಫೆಬ್ರವರಿ 25, ಭಾನುವಾರ

ಸಹಿ ಬಿಟ್ಟು ಮೂರು ವಾರವಾಯಿತು. ಅಪ್ಪ ಊಟಕ್ಕೆ ಕೂರಲಿಲ್ಲ. ಅರ್ಧ ಲೋಟ ಹಾಲು. ಮಧ್ಯಾಹ್ನ ಹತ್ತಿರ ಕರೆದು ನನ್ನ ಕೈ ಹಿಡಿದರು. ಅಪ್ಪ ಕೈ ಹಿಡಿಯುವ ಪೈಕಿಯವರಲ್ಲ.

"ನಿನ್ನ ಕಷ್ಟ ನನಗೆ ಗೊತ್ತು ಮಗಾ. ಆದ್ರೆ ನಂಗೆ ಆಗ್ತಿಲ್ಲ. ಡಾಕ್ಟರಿಗೆ ನಾಳೆ ಹೇಳ್ತೀಯಾ?"

"ಹೇಳ್ತೀನಿ."

"ಕರ್ಕೊಂಡು ಬರ್ತೀಯಾ ಕೆಳಗೆ?"

"ಬರ್ತೀನಿ ಅಪ್ಪಾ."

ನಿಜವಾಗಿ ಹೇಳುತ್ತೇನೋ ಇಲ್ಲವೋ ಗೊತ್ತಿಲ್ಲ. ಫಾರ್ಮ್ ಬೀರುವಿನಿಂದ ತೆಗೆದು ಬ್ಯಾಗಿಗೆ ಹಾಕಿದೆ. ಆಮೇಲೆ ತೆಗೆದೆ. ಮತ್ತೆ ಹಾಕಿದೆ. ಮಾರ್ಚ್ 9ಕ್ಕೆ ಇನ್ನು ಹದಿಮೂರೇ ದಿನ…

ಫೆಬ್ರವರಿ 28, ಬುಧವಾರ. ಆಸ್ಪತ್ರೆ

ಸೋಮವಾರ ಆಯಿತು. ಮೂರನೇ ಗಂಟೆಯಲ್ಲಿ. ಅಪ್ಪ ಪಕ್ಕದ ಕುರ್ಚಿಯವನಿಗೆ ಏನೋ ಹೇಳುತ್ತಿದ್ದರಂತೆ, ಮಾತು ನಡುವೆ ಜಾರಿತು. ಶಬ್ದಗಳು ಒಂದರ ಮೇಲೊಂದು ಬಿದ್ದವು. ಬಾಯಿ ಬಲಕ್ಕೆ ಇಳಿಯಿತು. ಅವನು ತಮಾಷೆ ಅಂದುಕೊಂಡು ನಕ್ಕನಂತೆ, ಪಾಪ.

ನಾನು ಕಾರಿಡಾರಿನಲ್ಲಿ ಬ್ಯಾಗ್ ತೊಡೆಯ ಮೇಲಿಟ್ಟುಕೊಂಡು ಕೂತಿದ್ದೆ. ಲಿಫ್ಟಿನ ಎದುರಿನ ಬೆಂಚು. ಮೂರು ಗಂಟೆ ಅಲ್ಲೇ ಕೂತಿದ್ದೆ, ಮೇಲೆ ಹೋಗಲಿಲ್ಲ.

ಬಲಗೈ, ಬಲಗಾಲು ಹೋಗಿವೆ. ಮಾತು ಪೂರ್ತಿ ಹೋಗಿದೆ. "ಅ… ಅ…" ಅಷ್ಟೇ. ನ್ಯೂರೋದವರು, ಕೇಳಿಸುತ್ತೆ, ಎಷ್ಟು ಅರ್ಥ ಆಗುತ್ತೆ ಹೇಳಲಾಗಲ್ಲ ಅಂದರು.

ಮೂರು ದಿನದ ಹಿಂದೆ ಕೂಡ ಬೇಕಾದರೆ ಬೇಡ ಅನ್ನಬಲ್ಲವರಾಗಿದ್ದರು. ನಾನು ಅವರಿಂದ ಅದನ್ನು ಕಸಿದುಕೊಂಡೆ. ಯಾರ ಮೇಲೂ ಹಾಕುವ ಹಾಗಿಲ್ಲ.

ಮಾರ್ಚ್ 2, ಶನಿವಾರ

ಅಣ್ಣ ಯೂನಿವರ್ಸಿಟಿಗೆ ಹೋಗಿ ಬಂದ. "ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಅಂತ ಆಗಬಾರದು" ಅಂತ ಮೂರು ಸಲ ಅಂದ. ಅಲ್ಲಿ ಟೋಪಿಯೇ ನಿಯಮಾವಳಿ ತೆಗೆದು ನೋಡಿದನಂತೆ. ಖುದ್ದು ಹಾಜರಿ ಅಂತಿದೆ. ಮಾತಾಡಬೇಕು ಅಂತಿಲ್ಲ. "ಗುರುತು" ಅಂತಿದೆ, ಸಹಿ ಅಂತಿಲ್ಲ. ಹೆಬ್ಬೆಟ್ಟು ನಡೆಯುತ್ತದೆ. ಗಾಲಿಕುರ್ಚಿಗೆ ಇಳಿಜಾರು ಹಲಗೆ ಹಾಕಿಸುತ್ತಾರೆ. ಹತ್ತೇ ನಿಮಿಷದಲ್ಲಿ ಎಲ್ಲ ತೀರ್ಮಾನ.

ಅಪ್ಪ ಕಣ್ಣು ಮುಚ್ಚಿದ್ದರು. ಅಣ್ಣ ಕಿವಿಯ ಹತ್ತಿರ ಬಗ್ಗಿ, "ಎಲ್ಲ ಸರಿಯಾಯ್ತು ಅಪ್ಪಾ" ಅಂದ.

ಮಾರ್ಚ್ 5, ಮಂಗಳವಾರ

ಎರಡನೇ ಮಹಡಿ ಹತ್ತಿದೆ. ಕೊನೆಗೂ.

ಡಾಕ್ಟರು ನನ್ನ ಜೊತೆ ವಾರ್ಡಿಗೆ ಇಳಿದು ಬಂದರು. ಅಪ್ಪನ ಎಡಗೈ ಹಿಡಿದು ನಿಧಾನವಾಗಿ ಕೇಳಿದರು, "ಡಯಾಲಿಸಿಸ್ ನಿಲ್ಲಿಸಬೇಕಾ?" ಅಪ್ಪ ತಲೆಯಾಡಿಸಿದರು. ಹೌದು! ನಾನು ಫಾರ್ಮ್ ಹೊರಗೆ ತೆಗೆದೆ. ಡಾಕ್ಟರು ಸ್ವಲ್ಪ ಹೊತ್ತು ಬಿಟ್ಟು ಕೇಳಿದರು, "ಡಯಾಲಿಸಿಸ್ ಮುಂದುವರಿಸಬೇಕಾ?" ಅದಕ್ಕೂ ತಲೆಯಾಡಿಸಿದರು. "ನೀವು ಹೆಂಗಸಾ?" ಅಂತ ಕೇಳಿದರು. ಅದಕ್ಕೂ ಹೌದು.

ಇಂಥ ಸಾಕ್ಷಿಯನ್ನು ನಮ್ಮ ಕೋರ್ಟಿನಲ್ಲಿ ಎರಡು ನಿಮಿಷಕ್ಕೆ ಕಟಕಟೆಯಿಂದ ಕೆಳಗಿಳಿಸುತ್ತಾರೆ. ನನಗೆ ಯಾರೂ ವಿವರಿಸಬೇಕಾಗಿರಲಿಲ್ಲ.

ಶಾರ್ಟ್‌ಹ್ಯಾಂಡ್ ಪುಸ್ತಕ ತೋರಿಸಿದೆ. ಜನವರಿ 9, ಅಪ್ಪನ ಮಾತು, ಒಂದಕ್ಷರ ಬಿಡದೆ ಇದೆ. ಡಾಕ್ಟರು ಆ ಗೆರೆಗಳನ್ನು ನೋಡಿ ವಾಪಸ್ ಕೊಟ್ಟರು. "ನಾನು ನಂಬ್ತೀನಿ ಅಮ್ಮಾ. ಆದ್ರೆ ಇದರಲ್ಲಿ ಸಹಿ ಇಲ್ಲ. ಆವತ್ತು ಟೈಮ್ ಕೇಳಿದ್ರಿ. ಏಳು ವಾರ ನೀವು ಮೇಲೆ ಬರಲೇ ಇಲ್ಲ. ಅವರ ಮನಸ್ಸು ಬದಲಾಯ್ತೇನೋ ಅಂದ್ಕೊಂಡೆ."

ಇನ್ನೊಂದೇ ದಾರಿ. ಎಲ್ಲ ಮಕ್ಕಳೂ ಒಟ್ಟಿಗೆ ಸಹಿ ಹಾಕಿ ಆಸ್ಪತ್ರೆಯ ಸಮಿತಿಗೆ ಕೊಡಬೇಕು. ಎಲ್ಲ ಮಕ್ಕಳು ಅಂದರೆ ನಾವಿಬ್ಬರು.

ಮಾರ್ಚ್ 9, ಶನಿವಾರ

ಆಸ್ಪತ್ರೆಯವರು ಐದು ಗಂಟೆಗಳ ಮಟ್ಟಿಗೆ ಮಾತ್ರ ಬಿಟ್ಟರು. ಆಂಬುಲೆನ್ಸ್, ಗಾಲಿಕುರ್ಚಿ. ಕೆಂಪು ಗೌನಿನ ಒಳಗೆ ಮೂತ್ರದ ಚೀಲ ಕಾಣದ ಹಾಗೆ ಸಿಕ್ಕಿಸಿದೆ. ಟೋಪಿ ಕಣ್ಣಿನವರೆಗೆ ಇಳಿಯುತ್ತಿತ್ತು. ತಲೆಯೂ ಸಣ್ಣಗಾಗುತ್ತದೆ ಅಂತ ಗೊತ್ತಿರಲಿಲ್ಲ. ಟೋಪಿಯವನೇ ಓಡಿ ಬಂದು ಹಿಂದುಗಡೆ ಬಟ್ಟೆ ಮಡಚಿ ಪಿನ್ನು ಹಾಕಿದ. ಜನವರಿಯಲ್ಲಿ ತನ್ನನ್ನು ನಗಿಸಿದ ಮನುಷ್ಯನನ್ನು ಹುಡುಕುವ ಹಾಗೆ ಅಪ್ಪನ ಮುಖ ನೋಡಿದ.

ಒಟ್ಟು ನಾಲ್ವರು. ಸಿಮೆಂಟ್ ಕಂಪನಿಯ ಯಜಮಾನರು, ಒಬ್ಬ ವಿಜ್ಞಾನಿ, ಪದಕ ಗೆದ್ದ ಈಜುಗಾರ್ತಿ, ಅಪ್ಪ. ಈಜುಗಾರ್ತಿ ಬಂದು ಮಂಡಿಯೂರಿ ಕೂತು, "ನಮ್ಮಜ್ಜಿ ನಿಮ್ಮ ದನಿ ಕೇಳಿ ಗಡಿಯಾರ ಸರಿ ಮಾಡ್ಕೋತಿದ್ರು ಸಾರ್" ಅಂದಳು. ಅಪ್ಪನ ಎಡಗೈ ಅವಳ ಕೂದಲು ಮುಟ್ಟಿತು. ಇಡೀ ದಿನದಲ್ಲಿ ಅದೊಂದೇ ಅವರು ತಾವಾಗಿ ಮಾಡಿದ್ದು.

ಹೆಸರು ಕೂಗಿದರು. ಅಣ್ಣ ತಳ್ಳಿಕೊಂಡು ಹೋದ. ಬಿನ್ನವತ್ತಳೆ ಓದುವ ಮೊದಲು ಅಪ್ಪನ ಹಳೆಯ ಧ್ವನಿಮುದ್ರಣ ಹಾಕಿದರು. ಯಾರೋ ಕೈಗೆ ಸಿಕ್ಕಿದ್ದನ್ನು ತಂದಿದ್ದಾರೆ. ಹವಾಮಾನ ಮುನ್ಸೂಚನೆ. "ಸಮುದ್ರದಲ್ಲಿ ಅಲೆಗಳು ಎತ್ತರಕ್ಕೆ ಏಳಲಿವೆ. ಮೀನುಗಾರರು ಯಾವ ಕಾರಣಕ್ಕೂ ನೀರಿಗೆ ಇಳಿಯಬಾರದು." ಸಾವಿರ ಜನ ಉಸಿರು ಬಿಗಿಹಿಡಿದು ಕೇಳಿದರು. ಆ "ಬಾರದು" ಎಷ್ಟು ಸ್ಪಷ್ಟ! ಅದರಲ್ಲಿ ಯಾರಿಗೂ ಎರಡು ಅರ್ಥ ಬರುವ ಹಾಗಿರಲಿಲ್ಲ. ಅಪ್ಪ ಸ್ಪೀಕರಿನ ಕಡೆ ತಲೆ ತಿರುಗಿಸಿದರು. ಬಾಯಿ ತೆರೆಯಿತು. "ಅ… ಅ…" ಮೈಕ್ ಹತ್ತಿರವೇ ಇತ್ತು, ಎಲ್ಲರಿಗೂ ಕೇಳಿಸಿತು. ಜನ ಚಪ್ಪಾಳೆ ತಟ್ಟಿದರು.

ರಿಜಿಸ್ಟ್ರಾರ್ ಅಪ್ಪನ ಹೆಬ್ಬೆರಳನ್ನು ಮಸಿಗೆ ಒತ್ತಿ, ನೂರು ವರ್ಷದ ಪುಸ್ತಕಕ್ಕೆ ಒತ್ತಿದರು. ಫೋಟೋ ತೆಗೆದರು. ಫೋಟೋದವನು ಸರಿ ಬರಲಿಲ್ಲ ಅಂದಿದ್ದಕ್ಕೆ, ಬೆರಳ ಕೆಳಗೆ ಬಿಳಿ ಹಾಳೆ ಇಟ್ಟು ಇನ್ನೊಮ್ಮೆ ಒತ್ತಿಸಿದರು.

ಅಪ್ಪನನ್ನು ಮೀರಿ ಮುಖ್ಯಸ್ಥರಾದ ಇಬ್ಬರೂ ಮೂರನೇ ಸಾಲಿನಲ್ಲಿದ್ದರು. ಅವರಲ್ಲೊಬ್ಬರು ಕಣ್ಣೊರೆಸಿಕೊಳ್ಳುತ್ತಿದ್ದರು. ತಾನು ಅಂದುಕೊಂಡ ಹಾಗೆ ಏನೂ ಅನ್ನಿಸಲಿಲ್ಲ ಅಂತ ಅಣ್ಣ ಆಮೇಲೆ ಹೇಳಿದ.

ವಾಪಸ್ ಬರುವಾಗ ಆಂಬುಲೆನ್ಸಿನಲ್ಲಿ ಹೆಬ್ಬೆರಳಿನ ಮಸಿ ಉಜ್ಜಿದೆ. ಸ್ಪಿರಿಟ್ಟಿಗೂ ಪೂರ್ತಿ ಹೋಗಲಿಲ್ಲ.

ಮಾರ್ಚ್ 10, ಭಾನುವಾರ

ಅಣ್ಣನಿಗೆ ಸಮಿತಿಯ ಫಾರ್ಮ್ ಕೊಟ್ಟೆ. "ಮುಗೀತಲ್ಲ. ಈಗ ಅಪ್ಪ ಹೇಳಿದ ಹಾಗೆ ಮಾಡೋಣ."

ಓದಿದ. ಮೇಜಿನ ಮೇಲಿಟ್ಟ. "ಅಪ್ಪ ಈಗ ಏನೂ ಹೇಳ್ತಿಲ್ಲವಲ್ಲ."

"ಆವಾಗ ಹೇಳಿದ್ರು. ನಿನ್ನೆದುರಿಗೇ ಹೇಳಿದ್ರು."

"ಆವಾಗ ಹೇಳಿದ್ರು, ಆಮೇಲೆ ಸರಿ ಅಂದ್ರು. ಇಷ್ಟು ದಿನ ಸುಮ್ಮನೆ ಮೆಷಿನ್ನಿಗೆ ಹೋದ್ರು. ಮತ್ತೆ ಕೇಳಿದ್ರಾ? ನನ್ನ ಹತ್ರ ಕೇಳಲಿಲ್ಲ. ನಿನ್ನ ಹತ್ರ ಕೇಳಿದ್ರಾ?"

ಕೇಳಿದ್ದರು. ಫೆಬ್ರವರಿ 3. ಫೆಬ್ರವರಿ 25, ಕೈ ಹಿಡಿದು. ಎಲ್ಲ ಹೇಳಿದೆ. ಡಾಕ್ಟರ ರಜೆಯ ಸುಳ್ಳು ಕೂಡ. ಅತ್ತಿಗೆ ಬಾಯಿಗೆ ಸೆರಗು ಹಿಡಿದಳು. ಅಣ್ಣ ಫಾರ್ಮನ್ನು ನನ್ನ ಕಡೆ ದೂಡಿದ.

"ನೀನೇ ಅಡಗಿಸಿಟ್ಟೆ. ಯಾಕೆ? ನಿನಗೇ ಮನಸ್ಸು ಬರಲಿಲ್ಲ, ಅಲ್ವಾ? ಈಗ ನನ್ನ ಕೈಯಲ್ಲಿ ಸಹಿ ಹಾಕಿಸ್ತೀಯಾ?" ಎದ್ದು ನಿಂತ. "ನನ್ನ ಕೈಯಲ್ಲಿ ಆಗಲ್ಲ. ನಮ್ಮಪ್ಪನನ್ನ ಸಾಯಿಸು ಅಂತ ನಾನು ಸಹಿ ಹಾಕಲ್ಲ. ನೀನು ಮೆಷಿನ್ನಿಗೆ ಕರ್ಕೊಂಡು ಹೋಗದಿದ್ರೆ ಹೇಳು, ನಮ್ಮನೆಗೆ ಕರ್ಕೊಂಡು ಹೋಗಿ ನಾನೇ ಮಾಡಿಸ್ತೀನಿ."

ಅವನು ಕೆಟ್ಟವನಲ್ಲ. ಎರಡು ತಿಂಗಳು ನಾನು ಮಾಡಿದ್ದನ್ನೇ ಅವನೂ ಮಾಡುತ್ತಿದ್ದಾನೆ.

ಮಾರ್ಚ್ 13

ಮನೆಗೆ ಬಿಟ್ಟರು. ಹಾಸಿಗೆ ಹಾಲ್‌ಗೆ ಬಂತು. ಅಣ್ಣ ಪದವಿ ಪತ್ರಕ್ಕೆ ಫ್ರೇಮ್ ಹಾಕಿಸಿ ಅಪ್ಪನಿಗೆ ಕಾಣುವ ಗೋಡೆಗೆ ಹೊಡೆದ. ಪೋಸ್ಟ್‌ಮ್ಯಾನ್ ಕೂಡ "ಡಾಕ್ಟರು ಹೇಗಿದ್ದಾರೆ?" ಅಂತ ಕೇಳುತ್ತಾನೆ.

ಸಹಿಯ ಹಾಳೆಗಳು ಸಿಕ್ಕವು. ನೂರಾ ಮೂವತ್ತಕ್ಕೂ ಹೆಚ್ಚು ಸಹಿ. ಒಂದನ್ನು ಡಾಕ್ಟರು ಮೊದಲು ಕೊಟ್ಟ ಫಾರ್ಮಿನ ಕೆಳಗಿಟ್ಟು ಕಿಟಕಿಯ ಬೆಳಕಿಗೆ ಹಿಡಿದೆ. ಗೆರೆ ಸ್ಪಷ್ಟವಾಗಿ ಕಾಣುತ್ತಿತ್ತು. ಪೆನ್ನು ಕೂಡ ತೆಗೆದೆ. ಆದರೆ ಡಾಕ್ಟರಿಗೆ ಗೊತ್ತು, ಸೂಜಿ ಅಕ್ಕನಿಗೆ ಗೊತ್ತು, ಈ ಕೈ ಪೆನ್ನು ಹಿಡಿಯುವುದಿಲ್ಲ ಅಂತ. ಹಾಳೆಗಳನ್ನು ಹರಿಯಲಿಲ್ಲ. ಹರಿಯಲು ಆಗಲಿಲ್ಲ.

ಮಾರ್ಚ್ 29, ಶುಕ್ರವಾರ

ಹಿಮ್ಮಡಿಯ ಹುಣ್ಣು ಮೂಳೆ ಮುಟ್ಟಿದೆ. ಮೆಷಿನ್ನಿನಲ್ಲಿ ಎಡಗೈ ಎಳೆದುಕೊಳ್ಳುತ್ತಾರೆ ಅಂತ ಮೆತ್ತನೆ ಪಟ್ಟಿಯಿಂದ ಕುರ್ಚಿಗೆ ಕಟ್ಟುತ್ತಾರೆ ಈಗ. ಸೂಜಿ ಜಾರಿದರೆ ರಕ್ತ ನಿಲ್ಲುವುದಿಲ್ಲ. ಪಕ್ಕದ ಕುರ್ಚಿಯವನು ಬೇರೆ ಕುರ್ಚಿ ಕೇಳಿ ಹೋಗಿದ್ದಾನೆ.

"ಕೈ ಎಳ್ಕೊಳ್ಳೋದು ಬೇಡ ಅಂತ ಅರ್ಥ ಅಲ್ವಾ ಡಾಕ್ಟ್ರೇ?" ಅಂತ ಕೇಳಿದೆ.

"ಇರಬಹುದು. ನೋವಿಗೂ ಇರಬಹುದು. ರಿಫ್ಲೆಕ್ಸ್ ಕೂಡ ಇರಬಹುದು. ನಿಮ್ಮಣ್ಣ ಸಹಿ ಹಾಕಿದ್ರಾ?"

ಇಲ್ಲ ಅಂದೆ.

ಏಪ್ರಿಲ್ 8, ಸೋಮವಾರ. ಬೆಳಿಗ್ಗೆ 5.35

ಸ್ವೆಟರ್ ಹಾಕುವಾಗ ಅಪ್ಪ ಎಡಗೈ ಹಿಂದಕ್ಕೆ ಎಳೆದುಕೊಂಡರು. ಸೂಜಿ ಇಲ್ಲ, ಪಟ್ಟಿ ಇಲ್ಲ, ನೋವಾಗುವಂಥದ್ದು ಏನೂ ಇಲ್ಲ. ಬರೀ ಉಣ್ಣೆ. ಮತ್ತೆ ಹಾಕಿದೆ, ಮತ್ತೆ ಎಳೆದುಕೊಂಡರು. ಮೂರನೇ ಸಲ ನನ್ನ ಮಣಿಕಟ್ಟು ಹಿಡಿದು ದೂಡಿದರು. ಬಲವಾಗಿ. ಕಣ್ಣು ನನ್ನ ಕಣ್ಣಿನಲ್ಲೇ ಇತ್ತು. ಇದು ರಿಫ್ಲೆಕ್ಸ್ ಅಲ್ಲ. ಯಾರು ಏನೇ ಅನ್ನಲಿ.

"ಅರ್ಥ ಆಯ್ತು ಅಪ್ಪಾ" ಅಂದೆ. "ಬೇಡ ಅಂತಿದ್ದೀರಿ. ನಂಗೆ ಅರ್ಥ ಆಯ್ತು."

ಮಣಿಕಟ್ಟು ಬಿಟ್ಟರು. ಕೈ ಪೂರ್ತಿ ಸಡಿಲವಾಯಿತು. ಮುಖ ಕೂಡ. ಎಷ್ಟೋ ವಾರದ ಮೇಲೆ ಹಾಗೆ.

ಸಡಿಲವಾದ ಆ ಕೈಯನ್ನು ಸ್ವೆಟರಿನ ತೋಳಿಗೆ ತೂರಿಸಿದೆ.

ಗುಂಡಿ ಹಾಕಿದೆ. ಕೆಳಗೆ ವ್ಯಾನ್ ಬಂದಿದೆ, ಡ್ರೈವರ್ ಹಾರ್ನ್ ಹೊಡೆಯುತ್ತಿದ್ದಾನೆ. ಅಪ್ಪ ನನ್ನನ್ನೇ ನೋಡುತ್ತಿ—